ಉಪ್ಪು ನೀರಿಗೆ ಹೆದರಿದ ಬೀಗರು

ನನ್ನ ಬೀಗರ, ಅಂದರೆ ಸೊಸೆಯ ತಂದೆಯವರ, ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಬಿಳಿ ಗೆರೆ ಇರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಕಾಲು ಒಣಗಿದೊಡನೆ ಮತ್ತೆ ಕಾಣುತ್ತಿತ್ತು. ಅದು ಸವಳು, ಮಣ್ಣಿನ ಉಪ್ಪು. ಸಾಲಗುಂದದ ಅವರ ಗದ್ದೆಗೆ ಕಾಲುವೆ ನೀರು ಬಂತು, ಬಂದದ್ದು ಹೋಗಲಿಲ್ಲ. ನಿಂತ ನೀರು ಹರಿದುಹೋಗಲು ಬಸಿಗಾಲುವೆ ತೋಡೋಣವೆಂದರೆ ಕೆಳಗಿನ ಹೊಲದವರು ದಾರಿ ಬಿಡಲಿಲ್ಲ. ನೆಲದೊಳಗಿನ ಉಪ್ಪೆಲ್ಲ ಮೇಲೆದ್ದು ಗದ್ದೆ ಬೂದಿ ಬಳಿದಂತಾಯಿತು. ಏನೂ ಬೆಳೆಯದ ಆ ನೆಲವನ್ನು ಅವರು ದಿನಾ ಒಂದು ಸುತ್ತು ಹಾಕುತ್ತಿದ್ದರು.

"ಮನ್ಯಾಗ ಹಾಸಿಗಿ ಹಿಡದಾವ್ರನ್ನ ಮಾತಾಡ್ಸೂದಿಲ್ಲೇನ್ರೀ?" ಎನ್ನುತ್ತಿದ್ದರು.

ಊಟಕ್ಕೆ ಕೂತರೆ ತಾಟಿನ ತುದಿಗೆ ಉಪ್ಪು ಹಾಕಗೊಡುತ್ತಿರಲಿಲ್ಲ.

ಇಂಥವರ ಮೊಮ್ಮಗಳು, ನನಗೂ ಮೊಮ್ಮಗಳೇ, ಸಿಂಧನೂರಿನ ನಮ್ಮ ಮನೆಯಲ್ಲಿ ಸಣ್ಣದೊಂದು ಸಮುದ್ರ ಸಾಕಿದಳು! ಗಾಜಿನ ತೊಟ್ಟಿ, ಉಪ್ಪು ಕದಡಿದ ನೀರು, ಎರಡು ಕಿತ್ತಳೆ ಬಣ್ಣದ ಮೀನು, ಹೂವಿನಂತೆ ಅರಳುವ ಜೀವಂತ ಹವಳ. ನೋಡಿದಷ್ಟೂ ನನಗೆ ಹೊಟ್ಟೆ ತುಂಬುತ್ತಿತ್ತು. ಬೀಗರು ಬಂದವರು ನೀರಿಗೆ ಬೆರಳದ್ದಿ ನಾಲಿಗೆಗಿಟ್ಟು, ಹಾಗೇ ಹೋಗಿ ಚಪ್ಪಲಿ ಮೆಟ್ಟಿದರು.

"ಈ ಸವಳು ಇರೂತನಾ ನಾ ಈ ಹೊಸ್ತಿಲಾ ತುಳ್ಯಾಂಗಿಲ್ರೀ."

"ನಮ್ಮ ಚಾಪುಡಿ ಉಳೀತು ಬಿಡ್ರಿ," ಎಂದೆ. ಅವರು ನಗಲಿಲ್ಲ. ಹಬ್ಬಕ್ಕೂ ಬರಲಿಲ್ಲ. ಮೊಮ್ಮಗಳು ಮಂಕಾದಳು.

ಆಮೇಲೆ ಹವಳವೂ ಮುದುಡತೊಡಗಿತು. ನೀರು ಕೊಳೆಯುತ್ತಿದೆ, ಕೆಳಗೊಂದು ತೊಟ್ಟಿ ಕೂಡಿಸಬೇಕು, ಮೇಲಿನ ನೀರು ಅಲ್ಲಿಗಿಳಿದು ಸೋಸಿ ಪಂಪಿನಿಂದ ಮತ್ತೆ ಮೇಲೇರಬೇಕು ಎಂದಳು. ಅದಕ್ಕೆ ಸಂಪು ಅಂತಾರಂತೆ. ಲಿಂಗಸುಗೂರಿನ ಕಾಲೇಜಿನಿಂದ ಬರುವಾಗ ಮಸ್ಕಿಯಲ್ಲಿಳಿದು ಗಾಜಿನಂಗಡಿಯಲ್ಲಿ ಕೆಳತೊಟ್ಟಿ ಮಾಡಿಸಿದಳು. ಮರುದಿನ ಸಾಲಗುಂದಕ್ಕೆ ಅಜ್ಜನ ಹತ್ತಿರ ಹೋದಳು.

"ಮುತ್ಯಾ, ನನ್ನ ನೀರಿಗೂ ಬಸಿಗಾಲುವಿ ಬೇಕಾಗೈತಿ. ಬಾ."

ಆ ಒಂದು ಮಾತಿಗೆ ಬೀಗರು ಪಣ ಮುರಿದು ಬಂದರು, ಹೆಗಲ ಮೇಲೆ ಟವೆಲ್ ಹಾಕಿಕೊಂಡು. ಅವಳು ಪೈಪು ಜೋಡಿಸಿದರೆ ಇವರು ಹಿಡಿದು ಕೂತರು. ತೆಗೆದ ಹಳೇ ನೀರನ್ನು ಯಾರಿಗೂ ಮುಟ್ಟಗೊಡದೆ ತಾವೇ ಹೊತ್ತು ಬಚ್ಚಲಿಗೆ ಸುರಿದರು. ಕರಿಬೇವಿನ ಬುಡಕ್ಕೆ ಹನಿ ಸಿಡಿದೀತೆಂದು ಅಂಗಳ ಸುತ್ತಿ ನಡೆದರು.

ಪಂಪು ಓಡಿತು.

"ಕರೆಂಟ್ ಹ್ವಾದ್ರ ಕೆಳಗ ತುಂಬಿ ಚೆಲ್ಲಾಂಗಿಲ್ಲೇನು?"

"ಮ್ಯಾಲಿನ ನೀರು ಚೂರು ಇಳದು ನಿಂದರತೈತಿ ಮುತ್ಯಾ. ಕೆಳಗ ಅದಕ್ಕ ಜಾಗಾ ಬಿಟ್ಟೀನಿ."

"ನಿಂದರತೈತಿ ಅಂತ ಕಾಲುವಿ ಬಂದಾಗ ನನಗೂ ಹೇಳಿದ್ರು ಬೇ."

ಟವೆಲ್ ಬಿಚ್ಚಿ ಕೆಳತೊಟ್ಟಿಯ ಮುಂದೆ ಒಡ್ಡಿನ ಹಾಗೆ ಹಾಸಿದರು. ಸ್ವಿಚ್ ತಾವೇ ಆರಿಸಿ ಕುಕ್ಕುರುಗಾಲಲ್ಲಿ ಕೂತರು. ಕೆಳಗೆ ನೀರು ಏರಿತು. ಇನ್ನೂ ಏರಿತು. ಅಂಚಿಗೆ ನಾಲ್ಕು ಬೆರಳಿರುವಾಗ ನಿಂತಿತು. ಬೀಗರು ಟವೆಲ್ ಮುಟ್ಟಿ ನೋಡಿದರು, ಒಣಗಿಯೇ ಇತ್ತು.

"ನಿಂತತಲ್ರೀ ಬೀಗರ," ಎಂದರು. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. "ಚಾ ಮಾಡಸ್ರಿ. ಪುಡಿ ಭಾಳ ಉಳಸೀರಿ."

ಈ ಸಲ ಸುಗ್ಗಿಗೆ ಮೊದಲೇ ಅವರು ಹೋದರು. ಅವರ ಸವಳು ನೆಲದಲ್ಲೇ ಮಣ್ಣು ಮಾಡಿದೆವು. ಟವೆಲ್ ನಮ್ಮಲ್ಲಿ ಉಳಿಯಿತು.

ಮೊನ್ನೆ ದೊಡ್ಡ ಹವಳದ ಬುಡದಲ್ಲಿ ಮರಿ ಹವಳ ಮೂಡಿದೆ! ಓಣಿಯವರನ್ನೆಲ್ಲ ಕೈಹಿಡಿದು ಎಳೆತಂದು ತೋರಿಸಿದೆ. ಮೊದಲು ತೋರಿಸಬೇಕಾದವರೇ ಇಲ್ಲ.

ಕರೆಂಟ್ ಹೋದಾಗಲೆಲ್ಲ ನಾನು ಆ ಟವೆಲ್ ಹಾಸಿ ಕೆಳತೊಟ್ಟಿಯ ಮುಂದೆ ಕೂಡುತ್ತೇನೆ. ನೀರು ಏರುತ್ತದೆ, ನಾಲ್ಕು ಬೆರಳು ಬಿಟ್ಟು ನಿಲ್ಲುತ್ತದೆ.

"ನಿಂತತ್ರೀ ಬೀಗರ," ಎನ್ನುತ್ತೇನೆ.