ಎಣ್ಣೆ ಹತ್ತಿದ ಪಟ

ಕಾಗದದ ಚೂರಿಗೆ ಹತ್ತು ರೂಪಾಯಿ ಕೇಳುತ್ತೀಯಲ್ಲ ಎಂದು ನನ್ನನ್ನು ದಬಾಯಿಸಿದವರೆಲ್ಲ ಜೇಬಿನಲ್ಲಿ ಕಾಗದದ ಚೂರುಗಳನ್ನೇ ಇಟ್ಟುಕೊಂಡು ಬಂದಿದ್ದರು. ಈ ಮಾತು ಆಗ ಬಾಯಿಗೆ ಬರಲಿಲ್ಲ. ಈಗ ಬಂದಿದೆ, ಅದಕ್ಕೇ ಮೊದಲು ಬರೆದುಬಿಟ್ಟೆ.

ನಾನು ಹಂದನಕೆರೆ ಕಡೆಯವನು, ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಒಂಬತ್ತು ವರ್ಷ ದುಡಿದೆ. ಹಳ್ಳಿಗಳಿಂದ ಬಂದ ಉಂಡೆ ಕೊಬ್ಬರಿಯನ್ನು ಗಾತ್ರ ನೋಡಿ, ಬಣ್ಣ ನೋಡಿ, ಬಿರುಕು ನೋಡಿ ಬೇರೆ ಮಾಡುವುದು, ಚೀಲ ತುಂಬುವುದು, ಹೊರುವುದು. ಆಮೇಲೆ ಇನ್ನೊಬ್ಬರ ಚೀಲ ಹೊತ್ತದ್ದು ಸಾಕು ಅನಿಸಿ ಒಂದು ಪೆಟ್ಟಿಗೆ ಅಂಗಡಿ ಮಾಡಿಸಿದೆ. ಮಂಡಿಯ ಯಜಮಾನರು, ನಮ್ಮಲ್ಲಿ ದುಡಿದವನು ಎಂದು, ತಮ್ಮ ಗೋಡೆಯ ಪಕ್ಕದಲ್ಲೇ ಅದನ್ನು ಇಡಲು ಬಿಟ್ಟರು. ಬಾಡಿಗೆ ಕೇಳಲಿಲ್ಲ. ಬಾಡಿಗೆ ಕೇಳದ ಜಾಗದ ಬಾಡಿಗೆ ಎಷ್ಟೆಂದು ನನಗೆ ಆಮೇಲೆ ತಿಳಿಯಿತು.

ಎಂಬತ್ತರ ದಶಕದ ನಡುವಿನ ಮಾತು. ಕ್ರಿಕೆಟ್ಟಿನ ಹುಚ್ಚು ಹೋಟೆಲಿನ ರೇಡಿಯೋದಿಂದ ಇಳಿದು ಬೀದಿಗೆ ಬಂದಿತ್ತು. ಬಬಲ್ ಗಮ್ಮಿನ ಒಂದು ಕಂಪನಿಯವರು ಎಂಟಾಣೆಯ ಪೊಟ್ಟಣದೊಳಗೆ ಆಟಗಾರರ ಬಣ್ಣದ ಕಾರ್ಡು ಇಡಲು ಶುರುಮಾಡಿದರು. ನಮ್ಮಲ್ಲಿ ಅದಕ್ಕೆ ಪಟ ಎನ್ನುತ್ತಿದ್ದರು. ಒಟ್ಟು ನಲವತ್ತು ಪಟ, ಒಂದೊಂದರ ಹಿಂದೆ ಒಂದೊಂದು ನಂಬರು. ಹುಡುಗರಷ್ಟೇ ಅಲ್ಲ, ಮೀಸೆ ಬಂದವರೂ ಗಮ್ಮನ್ನು ಉಗಿದು ಪಟವನ್ನು ಜೋಪಾನ ಮಾಡುತ್ತಿದ್ದರು. ಬೇಡದ್ದನ್ನು ನನಗೆ ಮಾರುವರು, ಬೇಕಾದದ್ದನ್ನು ಕೊಳ್ಳುವರು. ಹೀಗೆ ಗಮ್ಮಿಗಿಂತ ಪಟದ ವ್ಯಾಪಾರವೇ ದೊಡ್ಡದಾಯಿತು.

ದೊಡ್ಡ ಆಟಗಾರನ ಪಟಕ್ಕೇ ದೊಡ್ಡ ಬೆಲೆ ಎಂದು ಎಲ್ಲರೂ ತಿಳಿದಿದ್ದರು. ಸುಳ್ಳು. ದೇಶಕ್ಕೆಲ್ಲ ಗೊತ್ತಿದ್ದ ಬ್ಯಾಟ್ಸ್‌ಮನ್ನನ ಪಟ ಗಮ್ಮಿನ ಒಂದು ಡಬ್ಬಿಗೆ ಐದು ಬರುತ್ತಿತ್ತು. ಅವನು ಸೆಂಚುರಿ ಹೊಡೆದ ಮರುದಿನ ಹತ್ತು ಪೈಸೆಯ ಪಟ ಇಪ್ಪತ್ತಕ್ಕೆ ಹೋಗುತ್ತಿತ್ತು, ವಾರದೊಳಗೆ ಮತ್ತೆ ಹತ್ತಕ್ಕೆ ಬರುತ್ತಿತ್ತು. ಆದರೆ ಇಪ್ಪತ್ತೇಳನೇ ನಂಬರಿನವನು ಯಾರೋ ವಿಕೆಟ್ ಕೀಪರು, ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲ. ಕಂಪನಿಯವರು ಅವನದನ್ನು ಕಡಿಮೆ ಅಚ್ಚು ಹಾಕಿಸಿದ್ದರೋ, ನಮ್ಮ ಕಡೆಗೆ ಬರಲಿಲ್ಲವೋ, ಅವನು ಸಿಗುತ್ತಲೇ ಇರಲಿಲ್ಲ. ಯಾವ ನಂಬರು ಎಷ್ಟು ಬಂತೆಂದು ನಾನು ಪೆಟ್ಟಿಗೆಯ ಹಲಗೆಗೆ ಸೀಮೆಸುಣ್ಣದಲ್ಲಿ ಗೀರು ಹಾಕುತ್ತಿದ್ದೆ. ಇಪ್ಪತ್ತೇಳರ ಮುಂದೆ ಎರಡೇ ಗೀರು. ಮೂವತ್ತೊಂಬತ್ತು ಪಟ ಕೂಡಿಸಿದವನ ಹೊಟ್ಟೆಯುರಿ ಎಂಥದ್ದೆಂದು ಹತ್ತು ಕೂಡಿಸಿದವನಿಗೆ ಗೊತ್ತಾಗುವುದಿಲ್ಲ. ಬೆಲೆ ಹುಟ್ಟುವುದು ಅಲ್ಲಿ.

ಇನ್ನೊಂದು ಸಂಗತಿ ಬೇರೆ ಊರಿನವರಿಗೆ ಗೊತ್ತಿರಲಾರದು. ಬೇರೆ ಕಡೆ ಪಟ ಹರಿಯುತ್ತದೆ, ಮೂಲೆ ಮಡಚುತ್ತದೆ. ನಮ್ಮ ಕಡೆ ಎಣ್ಣೆ ಹತ್ತುತ್ತದೆ. ಕೊಬ್ಬರಿ ಮುಟ್ಟದ ಕೈ ತಿಪಟೂರಿನಲ್ಲಿ ಎಷ್ಟಿದ್ದಾವು? ಎಣ್ಣೆ ಹತ್ತಿದ ಪಟ ಮೊದಲು ಹೊಳೆಯುತ್ತದೆ, ನಾಲ್ಕು ದಿನಕ್ಕೆ ಧೂಳು ಹಿಡಿಯುತ್ತದೆ, ಪಕ್ಕದ ಪಟಕ್ಕೂ ಹತ್ತಿಸುತ್ತದೆ. ಹಾಗಾಗಿ ನಾನು ಸೀಗೆಪುಡಿ ಹಾಕಿ ಕೈ ತೊಳೆಯದೆ ಪಟ ಮುಟ್ಟುತ್ತಿರಲಿಲ್ಲ. ಎಣ್ಣೆ ಇಲ್ಲದ ಇಪ್ಪತ್ತೇಳಕ್ಕೆ ಹತ್ತು ರೂಪಾಯಿ, ಅಂದರೆ ಒಂದಾಳಿನ ದಿನದ ಕೂಲಿ. ಕೊಳ್ಳುವಾಗ ಅದರಲ್ಲಿ ಅರ್ಧ ಕೊಡುತ್ತಿದ್ದೆ. ಯಾಕೆ ಅರ್ಧ ಎಂದರೆ, ಕೊಂಡದ್ದು ನನ್ನ ಡಬ್ಬಿಯಲ್ಲಿ ಎಷ್ಟು ದಿನ ಕೂತಿರುತ್ತದೋ ನನಗೇ ಗೊತ್ತಿಲ್ಲ. ಎಣ್ಣೆ ಹತ್ತಿದ್ದಕ್ಕೆ ನಾಲ್ಕಾಣೆ ಕೊಡುತ್ತಿದ್ದೆ, ಎಂಟಾಣೆಗೆ ಮಾರುತ್ತಿದ್ದೆ. ಹಾಲ್ಕುರಿಕೆಯ ಒಬ್ಬ ಕಾಲೇಜು ಹುಡುಗ ಅಂಥದ್ದೊಂದು ತಂದು, ನಾಲ್ಕಾಣೆ ಎಂದದ್ದಕ್ಕೆ ಮುಖ ಊದಿಸಿಕೊಂಡು ಬಸ್ಸು ಹತ್ತಿದ್ದ.

ನನ್ನ ಒಳ್ಳೆಯ ಇಪ್ಪತ್ತೇಳನ್ನು ಬ್ಯಾಂಕಿನ ಒಬ್ಬ ಗುಮಾಸ್ತರು ಕೊಂಡರು. ವರ್ಗವಾಗಿ ಬಂದ ಒಂಟಿ ಮನುಷ್ಯ, ಮೂವತ್ತೊಂಬತ್ತು ಕೂಡಿಸಿ ಕೂತಿದ್ದರು. ಐದಕ್ಕೆ ಕೇಳಿದರು, ಎಂಟಕ್ಕೆ ಕೇಳಿದರು, ಎರಡು ದಿನ ಮುನಿಸಿಕೊಂಡು ಬೇರೆ ದಾರಿಯಲ್ಲಿ ಓಡಾಡಿದರು. ಮೂರನೇ ದಿನ ಹತ್ತು ಕೊಟ್ಟು ಒಯ್ದರು. ಆ ಸಂತೋಷವನ್ನು ಹೋಟೆಲಿನಲ್ಲೆಲ್ಲ ಹೇಳಿಕೊಂಡರು, ಸುದ್ದಿ ಮಂಡಿಗೆ ಬಂತು. ಯಜಮಾನರು ಹೊರಗೆ ಬಂದು ನಾಲ್ಕು ಜನರ ಮುಂದೆ ನನ್ನನ್ನು ಮೋಸಗಾರ ಅಂದರು. ನಮ್ಮ ಗೋಡೆ ಪಕ್ಕ ಇಂಥ ವ್ಯಾಪಾರ ಬೇಡ ಅಂದರು. ಕೇಳಿಸಿಕೊಂಡೆ. ಅನ್ನ ಕೊಟ್ಟವರು.

ಮೂರು ದಿನ ಕಳೆದು ಅದೇ ಯಜಮಾನರು ಜುಬ್ಬದ ಜೇಬಿನಿಂದ ಒಂದು ಪಟ ತೆಗೆದು ನನ್ನ ಹಲಗೆಯ ಮೇಲಿಟ್ಟರು. ಮೊಮ್ಮಗನ ಪೊಟ್ಟಣದಲ್ಲಿ ಬಂದದ್ದಂತೆ. ಇಪ್ಪತ್ತೇಳು.

"ಹತ್ತು ಕೊಡ್ಲಾ."

ಬೆಳಕಿಗೆ ಹಿಡಿದು ನೋಡಿದೆ. "ಇದಕ್ಕೆ ಎಣ್ಣೆ ಹತ್ತೈತೆ ಯಜಮಾನ್ರೇ."

"ಹತ್ತಿದ್ದಲ್ಲ ಕಣ್ಲಾ, ನಾನೇ ಸವರಿದ್ದು. ನೋಡು, ಹೆಂಗೆ ಮಿಂಚ್ತೈತೆ."

ಸೋಡಾ ಕುಡಿಯುತ್ತಿದ್ದ ಇಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಕೊಬ್ಬರಿಯನ್ನು ಅಂಗೈಯಲ್ಲಿ ತಿಕ್ಕಿ ಮಿನುಗಿಸಿ ಹೊರಗಿನ ವ್ಯಾಪಾರಿಗೆ ತೋರಿಸುತ್ತಿದ್ದುದನ್ನು ಒಂಬತ್ತು ವರ್ಷ ನೋಡಿದ್ದೆ. ಅವರು ಮೋಸ ಮಾಡಲು ಬಂದಿರಲಿಲ್ಲ. ಮಿಂಚಿದರೆ ದರ ಏರುತ್ತದೆ ಎಂದು ಮನಸ್ಸಿನಿಂದಲೇ ನಂಬಿದ್ದರು.

"ಕೊಬ್ರಿಗಾದ್ರೆ ಸರಿ. ಪಟಕ್ಕೆ ಸವರಿದ್ರೆ ಅದು ಕೆಟ್ಟಂಗೆ. ನಾಕಾಣೆ ಕೊಡ್ತೀನಿ."

"ನಂಬರು ಇಪ್ಪತ್ತೇಳು ಹೌದೋ ಅಲ್ವೋ?"

"ಹೌದು. ಬೂಷ್ಟು ಹಿಡಿದಿದ್ದೂ ಕೊಬ್ರೀನೇ ಯಜಮಾನ್ರೇ. ಅದಕ್ಕೆ ಒಳ್ಳೆ ಕೊಬ್ರಿ ದರ ನೀವು ಯಾವತ್ತಾದ್ರೂ ಕೊಟ್ಟಿದ್ದೀರಾ? ನಿಮ್ ಹತ್ರಾನೇ ಕಲ್ತಿದ್ದು ನಾನು."

ನಕ್ಕವರು ಸೋಡಾ ಬಾಟಲಿ ಕೆಳಗಿಟ್ಟರು.

"ಈ ಜಾಗ ಯಾರ್ದ್ಲಾ?"

"ನಿಮ್ದು."

"ಹಂಗಾದ್ರೆ ಬೆಲೆನೂ ನಾನೇ ಹೇಳ್ತೀನಿ. ಹತ್ತು ಕೊಡು, ಇಲ್ಲಾ ಸಂಜೆಯೊಳ್ಗೆ ಪೆಟ್ಟಿಗೆ ಎತ್ತು."

ಹತ್ತು ರೂಪಾಯಿ ಡಬ್ಬಿಯಲ್ಲಿತ್ತು. ಮಂಡಿ ಬೀದಿಯಂಥ ಜಾಗ ಊರಲ್ಲಿ ಇನ್ನೊಂದಿರಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ಗಾಡಿ, ಲಾರಿ, ಜನ. ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಲ್ಕುರಿಕೆಯ ಹುಡುಗನ ಊದಿದ ಮುಖ ಕಣ್ಣ ಮುಂದೆ ಬಂತು. ಅವನಿಗೆ ನಾಲ್ಕಾಣೆ, ಇವರಿಗೆ ಹತ್ತು ರೂಪಾಯಿ ಎಂದರೆ ನಾನು ಹೇಳುವುದು ಬೆಲೆಯಲ್ಲ, ಹೆದರಿಕೆ. ನಿಜವಾಗಿ ಮೋಸಗಾರ ಆಗುವುದು ಆಗ.

"ಸಂಜೆಗಂಟ ಯಾಕೆ, ಈಗ್ಲೇ ಎತ್ತೀನಿ" ಅಂದೆ.

ಅವರು ಪಟವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ನಾನು ನಾಲ್ಕಾಣೆಯನ್ನು ಮಂಡಿಯ ತಕ್ಕಡಿಯ ಮೇಲೆ ಇಟ್ಟು ಬಂದೆ. ತಳ್ಳುಗಾಡಿ ಕರೆಸಿದೆ. ಪೆಟ್ಟಿಗೆ ಎತ್ತಲು ಮೂವರು ಬೇಕೆಂದ ಗಾಡಿಯವನಿಗೆ ನೀನು ಒಂದು ಕಡೆ ಹಿಡಿ ಸಾಕು ಅಂದೆ. ಚೀಲ ಹೊತ್ತ ಬೆನ್ನು ಆವತ್ತು ನನ್ನ ಕೆಲಸಕ್ಕೆ ಬಂತು. ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ, ಒಂದು ಬೇವಿನ ಮರದ ಕೆಳಗೆ ಇಳಿಸಿದೆವು.

ಸಂಜೆ ಬುತ್ತಿ ತಂದ ನನ್ನ ಹೆಂಡತಿ ಖಾಲಿ ರಸ್ತೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಹತ್ತು ರೂಪಾಯಿ ಬಿಸಾಕಿದ್ರೆ ಜಾಗ ಉಳೀತಿತ್ತು."

"ಜಾಗ ಉಳೀತಿತ್ತು ಕಣೇ" ಅಂದೆ.

ಅವಳು ಮತ್ತೆ ಅದನ್ನು ಎತ್ತಲಿಲ್ಲ. ಎಣ್ಣೆ ಹತ್ತಿದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಒಂದು ಒಳ್ಳೆಯ ಪಟ, ಒಂದು ಯಜಮಾನರು ಬಿಟ್ಟುಹೋದದ್ದು, ಎರಡನ್ನೂ ಇಳಿಬಿಸಿಲಿಗೆ ಹಿಡಿದೆ. ಒಳ್ಳೆಯದು ಬೆಳಕನ್ನು ತಡೆಯಿತು. ಇನ್ನೊಂದರಲ್ಲಿ ಬಿಸಿಲು ತೂರಿ ಬಂದು, ಹಿಂದಿದ್ದ ಇಪ್ಪತ್ತೇಳು ಆ ವಿಕೆಟ್ ಕೀಪರನ ಕೆನ್ನೆಯ ಮೇಲೆ ತಿರುಗುಮುರುಗಾಗಿ ಮೂಡಿತು.

"ಇದನ್ನ ಅಂಗ್ಡಿ ಮುಂದೆ ನೇತಾಕಿ. ಬಂದೋರ್ಗೆಲ್ಲ ಹೇಳಿ ಬಾಯಿ ಯಾಕೆ ನೋಯಿಸ್ಕೊಂತೀರಾ" ಅಂದಳು.

ನೂಲು ಕಟ್ಟಿ ನೇತುಹಾಕಿದೆ. ಎರಡು ತಿಂಗಳು ವ್ಯಾಪಾರ ಕುಂಟಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಗುಮಾಸ್ತರು ಬಂದರು, ಅವರ ಹಿಂದೆ ಇನ್ನಿಬ್ಬರು. ಹಾಲ್ಕುರಿಕೆಯ ಹುಡುಗನೂ ಬಂದ, ನೇತಾಡುವುದನ್ನು ತಿರುಗಿಸಿ ನೋಡಿದ, ಅದು ಯಾರದೆಂದು ಕೇಳಿದ. ನಾನು ಹೇಳಲಿಲ್ಲ. ಬೇರೆಯವರು ಹೇಳಿದರು.

ಕೊನೆಗೆ ಯಜಮಾನರೇ ಒಂದು ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವವರು ನಿಂತರು. ಹತ್ತು ರೂಪಾಯಿಯ ನೋಟು ಹಲಗೆಯ ಮೇಲಿಟ್ಟು, "ಅದನ್ನ ಇಳಿಸಿ ಕೊಡು" ಅಂದರು. ಧ್ವನಿ ಮೆತ್ತಗಿತ್ತು.

ನೂಲು ಬಿಚ್ಚಿ ಪಟ ಕೊಟ್ಟೆ. ಎಂಟಾಣೆ ಹಿಡಿದುಕೊಂಡು ಒಂಬತ್ತೂವರೆ ರೂಪಾಯಿ ಚಿಲ್ಲರೆ ಅವರ ಕೈಗಿಟ್ಟೆ. ಬೇಡ ಇಟ್ಕೋ ಅಂದರು.

"ಎಣ್ಣೆ ಹತ್ತಿದ್ದಕ್ಕೆ ಎಂಟಾಣೆ ಯಜಮಾನ್ರೇ. ಯಾರಿಗಾದ್ರೂ ಅಷ್ಟೇ."

ಚಿಲ್ಲರೆ ಜೇಬಿಗೆ ಹಾಕಿಕೊಂಡು ಹೋದರು. ಮಾರನೆಯ ದಿನ ನನ್ನ ಹೆಂಡತಿ ಆ ದೊಡ್ಡ ಬ್ಯಾಟ್ಸ್‌ಮನ್ನನ ಪಟವೊಂದನ್ನು ಆರಿಸಿ, ತಲೆಗೆ ಹಚ್ಚುವ ಎಣ್ಣೆಯನ್ನೇ ಅದಕ್ಕೆ ಸವರಿ, ಅದೇ ನೂಲಿಗೆ ಕಟ್ಟಿದಳು. ಅವನು ಬೇಕಾದಷ್ಟಿದ್ದ.