ಭಾನುವಾರದ ಹೊಸ ಅಂಗಿ

ಪ್ರಾರ್ಥನೆಗೆ ಕಣ್ಣು ಮುಚ್ಚಿದ ಮೇಲೂ ಟೈಲರ್ ಮಾಮನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಮುಂಗಾಲು, ಹಿಮ್ಮಡಿ, ಮುಂಗಾಲು, ಹಿಮ್ಮಡಿ ಎಂದು ನೆಲ ತುಳಿಯುತ್ತಲೇ ಇರುತ್ತಿತ್ತು. ವಾರವೆಲ್ಲ ಹೊಲಿಗೆ ಮಿಷನ್ನು ತುಳಿದ ಕಾಲು ಅದು. ಭಾನುವಾರವೆಂದರೆ ಅದಕ್ಕೇನು ಗೊತ್ತು? ಹಿಂದಿನ ಬೆಂಚಿನವರು "ದೇವರ ಮನೇಲೂ ಓವರ್‌ಟೈಮ್ ಮಾಡ್ತೀಯೇನಯ್ಯಾ?" ಎಂದು ಛೇಡಿಸಿದರೆ, "ಬಯ್ಯಬ್ಯಾಡ್ರಪ್ಪಾ, ಅದೂ ಅದರ ಭಾಷೇಲಿ ಬೇಡ್ಕೋತೈತೆ" ಎನ್ನುತ್ತಿದ್ದರು.

ಆಂಡರ್ಸನ್‌ಪೇಟೆಯ ಒಂದು ದಿನಸಿ ಅಂಗಡಿಯ ಜಗಲಿಯ ಮೇಲೆ ಅವರ ಮಿಷನ್ನು. ಕತ್ತರಿ ಹಾಕುವ ಮೊದಲು ಬಟ್ಟೆಯ ಒಳಬದಿಗೆ ಸೀಮೆಸುಣ್ಣದಿಂದ ಸಣ್ಣದೊಂದು ಶಿಲುಬೆ ಗೀಚುತ್ತಿದ್ದರು, ಯಾರ ಬಟ್ಟೆಯಾದರೂ ಸರಿ. ಬೂದಿಕೋಟೆ ಕಡೆಯ ಗೌಡರೊಬ್ಬರು ಅದನ್ನು ಕಂಡು, "ಏನಯ್ಯಾ, ನನ್ನೂ ನಿಮ್ಮ ಜಾತಿಗೆ ಸೇರಿಸ್ಬಿಟ್ಯಾ?" ಎಂದರು.

"ಒಂದು ಒಗೆತಕ್ಕೆ ಓಗ್ತೈತೆ ಗೌಡ್ರೇ. ಕೈ ತಪ್ಪದಂಗೆ ಕಾಪಾಡಪ್ಪಾ ಅಂತ ಕೇಳ್ಕೊಳ್ಳೋದು, ಅಷ್ಟೇ."

"ಅಂಗಾದ್ರೆ ಇನ್ನೊಂದು ಎಳಿ. ಓದ್ಸಲ ತೋಳು ಗಿಡ್ಡ ಮಾಡಿದ್ಯಲ್ಲ."

ಅಂಥ ಮಾಮನ ಕೈ ನಿಜವಾಗಿ ತಪ್ಪಿದ್ದು ನನ್ನ ಫ್ರಾಕಿನಲ್ಲಿ. ಐವತ್ತರ ದಶಕ. ಚಿನ್ನದ ಗಣಿಯ ಧೂಳು ಎದೆಗೆ ಸೇರಿ ಅಪ್ಪ ಹಾಸಿಗೆ ಹಿಡಿದಿದ್ದರು. ಹಿಂದಿನ ಕ್ರಿಸ್ಮಸ್‌ಗೆ ಅಮ್ಮ ನನ್ನ ಹಳೇ ಫ್ರಾಕಿನ ಮಡಿಕೆ ಬಿಚ್ಚಿ, ಉದ್ದ ಮಾಡಿ ತೊಡಿಸಿದ್ದಳು. ಚರ್ಚಿನ ಮೆಟ್ಟಿಲ ಮೇಲೆ ಯಾರೋ ಅಂಚು ಮುಟ್ಟಿ ನೋಡಿ, "ಓದ್ವರ್ಷದ್ದೇ ಅಲ್ವಾ ಇದು?" ಎಂದಿದ್ದರು. ಅಮ್ಮ ಅದನ್ನು ಮರೆಯಲಿಲ್ಲ. ಈ ಸಲ ಬಂಗಾರಪೇಟೆಯಿಂದ ಬಿಳಿ ಚುಕ್ಕೆಯ ನೀಲಿ ಬಟ್ಟೆ ತಂದು ಮಾಮನ ಕೈಗೆ ಕೊಟ್ಟಳು. ಅಷ್ಟರಲ್ಲಿ ದೊಡ್ಡ ಬಂಗಲೆಯೊಂದರಿಂದ ಕೋಟು ಹೊಲಿಯುವ ಕೆಲಸ ಬಂತು. ನಮ್ಮ ಬಟ್ಟೆ ಗಂಟಿನ ಅಡಿಗೆ ಹೋಯಿತು. ಹಬ್ಬದ ಹಿಂದಿನ ಸಂಜೆ ಅಮ್ಮ ಹೋಗಿ ನಿಂತರೆ, ಅದಕ್ಕಿನ್ನೂ ಕತ್ತರಿಯೇ ಬಿದ್ದಿರಲಿಲ್ಲ.

ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದಾಗ ಅಮ್ಮ ಕದ ಹಾಕಿ ಅಗುಳಿ ಜಡಿದಳು. ಗಣಿ ಕಾರ್ಮಿಕರ ಲೈನಿನ ಮನೆಗಳವರು ಹೊಸ ಬಟ್ಟೆಯಲ್ಲಿ ಮಾತಾಡುತ್ತ ಹೋಗುವುದು ಒಳಗೆ ಕೇಳುತ್ತಿತ್ತು. "ಯಾರು ಕೂಗಿದ್ರೂ ಓಗೊಡಬ್ಯಾಡ" ಎಂದಳು.

ನಮ್ಮ ಬೆಂಚು ಖಾಲಿಯಿದ್ದದ್ದು ಕಂಡು ಮಾಮ ಆರಾಧನೆಯ ನಡುವೆಯೇ ಎದ್ದು ಹೋದರಂತೆ. ಮಧ್ಯಾಹ್ನ ಫ್ರಾಕು ಹೊಲಿದು ತಂದು ಬಾಗಿಲಲ್ಲಿ ನಿಂತರು. ತಲೆ ಎತ್ತಲಿಲ್ಲ.

"ಅಬ್ಬ ಮುಗೀತಲ್ಲಣ್ಣಾ, ಇನ್ಯಾಕೆ?" ಎಂದು ಅಮ್ಮ ಅದನ್ನು ಟ್ರಂಕಿನ ತಳಕ್ಕೆ ತುರುಕಿದಳು. "ನಾನಿನ್ನು ಆ ಚರ್ಚಿಗೆ ಕಾಲಿಡಲ್ಲ." ಮುಂದಿನ ಭಾನುವಾರಗಳಲ್ಲಿ ನಾವು ಹೋಗಲೇ ಇಲ್ಲ.

ಜನವರಿಯಲ್ಲಿ, ಕ್ರಿಸ್ಮಸ್‌ಗೆಂದು ಬಾಗಿಲುಗಳಲ್ಲಿ ತೂಗುಹಾಕಿದ್ದ ಕಾಗದದ ನಕ್ಷತ್ರಗಳು ಇಳಿದವು. ಒಂದು ಭಾನುವಾರ ಬೆಳಿಗ್ಗೆ ಮಾಮ ಹಬ್ಬದ ಹೊಸ ಅಂಗಿ ತೊಟ್ಟು, ರೇಷ್ಮೆ ಸೀರೆ ಉಟ್ಟ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು.

"ಏನಣ್ಣಾ, ಮದುವೆಗೆ ಒಂಟ್ರಾ?" ಅಮ್ಮನ ದನಿಯಲ್ಲಿ ಖಾರವಿತ್ತು.

"ಚರ್ಚಿಗೆ ಕಣಮ್ಮಾ. ಮಗೂಗೆ ಫ್ರಾಕ್ ಆಕು."

"ಎಲ್ರೂ ಮಾಮೂಲಿ ಬಟ್ಟೇಲಿರ್ತಾರೆ. ನಗ್ತಾರೆ ನೋಡಿ."

"ಕೂಸು ಒಂದೇ ಆದ್ರೆ ನಗ್ತಾರೆ. ಅದಕ್ಕೇ ನಾವೂ ಆಕ್ಕೊಂಡು ಬಂದಿರೋದು. ತಪ್ಪು ನಂದು, ನನ್ನ ನೋಡಿ ನಗ್ಲಿ. ನಾನು ಮಾಡಿದ್ದಕ್ಕೆ ನೀನು ದೇವರ ಮೇಲೆ ಮುನಿಸ್ಕೋಬ್ಯಾಡ."

"ಬಾರೇ," ಎಂದರು ಅವರ ಹೆಂಡತಿ, "ಈ ಸೀರೇಲಿ ನಂಗೂ ನಾಚ್ಕೆ ಆಯ್ತೈತೆ. ಜೊತೆಗಿರು."

ಅಮ್ಮ ಟ್ರಂಕಿನ ತಳದಿಂದ ಫ್ರಾಕು ಎಳೆದಳು.

ಚರ್ಚಿನ ಮೆಟ್ಟಿಲ ಬಳಿ ಯಾರೋ ಕೇಳಿಯೇ ಕೇಳಿದರು: "ಏನ್ ಟೈಲರಣ್ಣಾ, ಇವತ್ಯಾವ ಅಬ್ಬ?"

"ಇವತ್ತು ಭಾನುವಾರ" ಎಂದರು ಮಾಮ. ಅಷ್ಟೇ.

ಮುಂದಿನ ವರ್ಷದಿಂದ ಅವರು ಕ್ರಿಸ್ಮಸ್ ದಿನ ಒಗೆದ ಹಳೇ ಅಂಗಿಯನ್ನೇ ತೊಟ್ಟರು. ಹೊಸದೇನಿದ್ದರೂ ನಕ್ಷತ್ರಗಳು ಇಳಿದ ಮೇಲಿನ ಮೊದಲ ಭಾನುವಾರಕ್ಕೆ. ಹಬ್ಬದ ಗದ್ದಲ ಮುಗಿದ ಮೇಲೆ ಯಾರು ಬರುವುದು ನಿಲ್ಲಿಸಿದರೆಂದು ಗಮನಿಸಿ ಅವರ ಮನೆಗೆ ಹೋಗಿ ಕೂರುತ್ತಿದ್ದರು. ಬುದ್ಧಿಮಾತಿಲ್ಲ. ಕಾಫಿ ಕೊಟ್ಟರೆ ಕುಡಿದು, ಕಿತ್ತ ಗುಂಡಿಯಿದ್ದರೆ ಹಾಕಿಕೊಟ್ಟು ಬರುತ್ತಿದ್ದರು. ನಾನು ದೊಡ್ಡವಳಾದ ಮೇಲೆ, "ಇನ್ನೂ ಯಾಕೆ ಮಾಮಾ ಆ ಹಳೇ ಅಂಗಿ?" ಎಂದು ಕೇಳಿದ್ದೆ.

"ಆ ಖಾಲಿ ಬೆಂಚು ಇನ್ನೂ ಕಣ್ಣಿಗೆ ಚುಚ್ತೈತೆ ಕಣಮ್ಮಾ. ಗೋದಲೀಲಿ ಮಲಗಿದ್ದ ಮಗೂಗೆ ಅಬ್ಬ ಮಾಡ್ತಿದ್ದೆ. ನಮ್ಮ ಲೈನಿನ ಮಗೂನ ಬಟ್ಟೆ ಗಂಟಿನಡಿ ಬಿದ್ದಿತ್ತು."

ನನಗೆ ಮದುವೆಯಾಗಿ ಬಂಗಾರಪೇಟೆಗೆ ಬಂದ ಮೇಲೆ, ಅರವತ್ತರ ದಶಕದ ಕೊನೆಯಲ್ಲಿ, ಯಾವ ಹಬ್ಬವೂ ಇಲ್ಲದ ಒಂದು ವಾರ ಅವರು ತೀರಿಕೊಂಡರು. ಹೋದೆ. ಪೆಟ್ಟಿಗೆಯ ಬಳಿ ನಿಂತಾಗ ಮೊದಲು ಕಣ್ಣು ಹೋದದ್ದು ಬಲಗಾಲಿಗೆ. ಸುಮ್ಮನಿತ್ತು.

ಈಗ ನಾನೂ ಹೊಸ ಸೀರೆಯನ್ನು ಆ ಭಾನುವಾರಕ್ಕೇ ಇಟ್ಟುಕೊಳ್ಳುತ್ತೇನೆ. ಈ ಜನವರಿಯಲ್ಲಿ ಚರ್ಚಿನ ಬಾಗಿಲಲ್ಲಿ ಪಕ್ಕದ ಮನೆಯಾಕೆ ಸೆರಗು ಮುಟ್ಟಿ ನೋಡಿ, "ಏನಕ್ಕಾ, ಇವತ್ತೇನು ವಿಶೇಷ?" ಎಂದಳು. 'ಇವತ್ತು ಭಾನುವಾರ' ಎಂಬ ಮಾಮನ ಎರಡೇ ಮಾತು ಸಾಕಿತ್ತು. ನಾಲ್ಕು ಜನ ನನ್ನತ್ತ ತಿರುಗಿದ್ದರು.

"ಬೇರೇವು ಒಣಗಿರಲಿಲ್ಲ ಕಣೇ" ಎಂದುಬಿಟ್ಟೆ.

ಹಿಂದಿನ ದಿನವೆಲ್ಲ ಬಿಸಿಲು ಕಾದಿತ್ತು. ಅವಳ ಸೀರೆಗಳೂ ನಮ್ಮ ತಂತಿಯ ಮೇಲೆಯೇ ಒಣಗಿದ್ದವು. ಅವಳು ಸೆರಗು ಬಿಟ್ಟು ಒಳಗೆ ಹೋದಳು. ನಾನು ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಸ್ವಲ್ಪ ಅಲುಗಿದರೂ ಹೊಸ ಸೀರೆ ಸರಬರ ಎನ್ನುತ್ತಿತ್ತು. ಅದು ಯಾರಿಗೂ ಕೇಳಿಸದಿರಲೆಂದು, ಕಾಲು ಕೂಡ ಕದಲಿಸದೆ ಕೂತಿದ್ದೆ.