ಮಧುಪರೀಕ್ಷೆ

ಮನೆಗೆ ಬಂದವರು ಬೇಗ ಹೊರಡಲಿ ಎಂದಿದ್ದರೆ ಅವರಿಗೆ ಬಿಸಿ ಚಹಾ ಕೊಡಬಾರದು. ಊದಿ, ಆರಿಸಿ, ನಡುನಡುವೆ ಕುಶಲ ವಿಚಾರಿಸಿ ಅವರು ಬಟ್ಟಲು ಬರಿದು ಮಾಡುವಷ್ಟರಲ್ಲಿ ಅರ್ಧ ತಾಸು ಸಂದಿರುತ್ತದೆ. ಉಪ್ಪಿಟ್ಟಂತೂ ಬೇಡವೇ ಬೇಡ. ಅದರೊಳಗಿನ ಕರಿಬೇವು, ಮೆಣಸಿನಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯಂಚಿಗೆ ಒರಗಿಸುವ ತಾಳ್ಮೆ ನಮ್ಮ ಜನರಲ್ಲಿ ಅಪಾರ.

ಈ ತತ್ತ್ವಚಿಂತನೆಗೆ ಕಾರಣಳಾದವಳು ಕುರುಗೋಡಿನಲ್ಲಿ ಕೂತು ಸಕಲರ ಕಲ್ಯಾಣ ಬಯಸುವ ಗೆಳತಿ ನೀಲಾ. ಕಲ್ಯಾಣವೆಂದರೆ ಅವಳ ನಿಘಂಟಿನಲ್ಲಿ ಮದುವೆಯೆಂಬ ಒಂದೇ ಅರ್ಥ. ಬಳ್ಳಾರಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತ, ಐವತ್ತು ದಾಟಿಯೂ ಅವಿವಾಹಿತಳಾಗಿ ಸುಖವಾಗಿದ್ದ ನನಗೆ ಅವಳು ಸಿರುಗುಪ್ಪದ ಪಶುವೈದ್ಯರೊಬ್ಬರನ್ನು ಹುಡುಕಿದ್ದಳು. ವಿಧುರರು; ಮಗಳ ಮದುವೆ ಮುಗಿಸಿದವರು.

"ಒಲ್ಲೆ ಅನ್ನಾಕಾದ್ರೂ ಒಮ್ಮಿ ನೋಡಬೇಕಲ್ಲಲೇ?" ಎಂದಳು ಫೋನಿನಲ್ಲಿ.

ಯೌವನದ ವಧುಪರೀಕ್ಷೆಗಳಲ್ಲಿ ನಾನು ಬಡಿಸಿದ ಉಪ್ಪಿಟ್ಟು ಒಂದು ಸಣ್ಣ ಊರಿಗೆ ಸಾಕಾಗುವಷ್ಟಿತ್ತು. ಈ ಸಲ ಒಂದೇ ಗುಟುಕಿಗೆ ಮುಗಿಯುವಂಥದ್ದನ್ನು ಕೊಟ್ಟು, ಒಲ್ಲೆನೆಂದು ಹೇಳಿ, ಬಾಗಿಲವರೆಗೆ ಬೀಳ್ಕೊಡುವುದೆಂದು ನಿಶ್ಚಯಿಸಿದೆ. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿತು: ಹೆಬ್ಬೆರಳುದ್ದದ ಗಾಜಿನ ಲೋಟ, ಅದರಲ್ಲಿ ಮೂರು ಬಣ್ಣದ ಮೂರು ಪದರ. ಕೆಳಗೆ ಚಕ್ಕೆ ಹಾಕಿ ಕುದಿಸಿದ ದಾಳಿಂಬೆಯ ಪಾಕ, ನಡುವೆ ಮಾವಿನ ರಸ, ಮೇಲೆ ಶುಂಠಿ, ನಿಂಬೆ, ಹಸಿಮೆಣಸಿನಕಾಯಿಯ ಘಾಟು ಹಿಡಿದ ಬಿಳಿ ರಮ್. ರಮ್ಮು ತಂಗಿಯ ಗಂಡ ಗೋವೆಯಿಂದ ತಂದು ನಮ್ಮಲ್ಲಿ ಮರೆತುಹೋದದ್ದು.

ಮೊದಲ ಲೋಟದಲ್ಲಿ ಮೂರೂ ಕಲೆತು ಅದ್ವೈತ ಸಿದ್ಧಿಸಿತು. ಎರಡನೆಯದೂ ಅಷ್ಟೇ. ಚಮಚ ಬೋರಲು ಹಿಡಿದು, ಅದರ ಬೆನ್ನ ಮೇಲಿಂದ ಹನಿಹನಿಯಾಗಿ ಇಳಿಬಿಡಬೇಕೆಂಬ ಜ್ಞಾನೋದಯವಾಗುವ ವೇಳೆಗೆ, ಚೆಲ್ಲಲು ಮನಸ್ಸಾಗದೆ ಆ ಅದ್ವೈತಗಳನ್ನೆಲ್ಲ ನಾನೇ ಕುಡಿದಿದ್ದೆ. ವಧುಪರೀಕ್ಷೆ ಹೀಗೆ ಮಧುಪರೀಕ್ಷೆಯಾಗಿ, ನೆಲ ತುಸು ಮೃದುವಾದಂತೆ ತೋರುತ್ತಿದ್ದಾಗ ಡಾಕ್ಟರು ಬಂದರು.

ನರೆಮೀಸೆಯ ಮನುಷ್ಯ. ಕುರ್ಚಿಯ ಮೇಲಿದ್ದ ನನ್ನ ಪುಸ್ತಕಗಳನ್ನು ಮಲಗಿದ ಕೂಸನ್ನೆತ್ತುವಂತೆ ಎತ್ತಿ ಪಕ್ಕಕ್ಕಿಟ್ಟು ಕೂತರು. ಲೋಟ ನೋಡಿ ಬೆರಗಾದರು.

"ಅಬ್ಬಾ! ಎಷ್ಟು ಚಂದ ಐತ್ರಿ ಮೇಡಂ ಇದು!"

"ಒಂದ ಗುಟುಕಿಗೆ ಕುಡೀಬೇಕ್ರಿ. ಮ್ಯಾಲೆ ಚೂರು ರಮ್ ಐತಿ, ನಡೀತೈತ್ರಿ?"

"ನಡೀತೈತಿ, ಬಸ್ಸಿಗೆ ಬಂದೀನಿ. ಆದ್ರ ಒಂದ ಗುಟುಕಿಗೆ ಅಂದ್ರ ಎಮ್ಮಿಗೆ ಔಷಧ ಸುರುವಿದಂಗ ಆಗ್ತೈತ್ರಿ. ಒಂದು ಚಮಚಾ ಕೊಡ್ರಿ."

ನನ್ನ ಯೋಜನೆ ಕಣ್ಣೆದುರೇ ಕುಸಿಯಿತು. ಅವರು ಚಮಚದ ತುದಿಯಿಂದ ಮೇಲಿನ ಪದರವನ್ನಷ್ಟೇ ಕೆನೆ ತೆಗೆದಂತೆ ತೆಗೆದು ಬಾಯಿಗಿಟ್ಟರು. ಮುಖ ಕೆಂಪಾಯಿತು, ಬಿಕ್ಕಳಿಕೆ ಶುರುವಾಯಿತು. ಬಿಕ್ಕುತ್ತಲೇ, ಮೋಕಾ ಎಂಬ ಹಳ್ಳಿಯಲ್ಲಿ ತಮ್ಮ ಚೀಲದ ಶಿಫಾರಸು ಚೀಟಿಗಳನ್ನೆಲ್ಲ ತಿಂದು ಆರಾಮಾದ ಆಡೊಂದರ ಕಥೆ ಹೇಳತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ನಕ್ಕದ್ದು ಯಾವಾಗಲೋ ನೆನಪಿಲ್ಲ.

"ಖರೇ ಹೇಳ್ಲೇನ್ರಿ? ಬ್ಯಾಡ ಅಂತ ಹೇಳಿ ಹೋಗಾಕ ಬಂದಿದ್ದೆ," ಎಂದರು ಕಣ್ಣೊರೆಸಿಕೊಂಡು.

"ನಾನೂ ಅದನ್ನ ಹೇಳಾಕ ಕುಂತೀನ್ರಿ!"

ಇಬ್ಬರಿಗೂ ಮತ್ತೆ ನಗು. ಹೇಳಬೇಕಿದ್ದ ನಿರಾಕರಣೆ ಎದೆಯಿಂದಿಳಿದ ಮೇಲೆ ಮಾತಿಗೆ ಎಷ್ಟು ಜಾಗವಾಯಿತೆಂದರೆ, ಓದುಗ ಮಹಾಶಯರೇ, ಮದುವೆಯಾದವರಿಗೂ ಅಷ್ಟು ಸಿಕ್ಕೀತೋ ಇಲ್ಲವೋ. ಅವರ ಮಗಳ ಸಿಟ್ಟು, ನನ್ನ ವಿದ್ಯಾರ್ಥಿಗಳ ಸಂಧಿ, ಸಮಾಸ, ಕೋಟೆಗುಡ್ಡದ ಮೇಲಿನ ಬಿಸಿಲು, ಎಲ್ಲವೂ ಬಂದುಹೋದವು. ಬಿಸಿಲು ಕಿಟಕಿ ದಾಟಿದಾಗ ನೀಲಾಳ ಫೋನು.

"ಏನಾತಲೇ? ಹೌದೋ, ಅಲ್ಲೋ?"

ಡಾಕ್ಟರು ಚಮಚ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ತಡಿ," ಎಂದೆ. "ಇನ್ನೂ ಮ್ಯಾಲಿನ ಪದರದಾಗ ಅದೀವಿ."